ಮುಳ್ಳು ಚುಚ್ಚಿದ ಜಾಗಕ್ಕೆ ಬಿಳಿ ರಕ್ತಕಣಗಳು ಓಡಿ ಬರುವುದೇಕೆ? ಮೆಚ್ನಿಕೋಫ್ ಬದುಕು ಹೇಳುವ ಕಥೆ

2020ರ ಮೇ ತಿಂಗಳ ಆಸುಪಾಸಿನಲ್ಲಿ ನಿಮ್ಮ ಫೋನಿಗೂ ಒಂದು ಸಂದೇಶ ಬಂದಿರಬಹುದು. ಇಟಲಿಯ ವೈದ್ಯರು ಕೋವಿಡ್‌ನಿಂದ ಸತ್ತವರ ಶವಪರೀಕ್ಷೆ ಮಾಡಿದರಂತೆ. ಅದು ವೈರಸ್ಸೇ ಅಲ್ಲವಂತೆ, ಬ್ಯಾಕ್ಟೀರಿಯಾವಂತೆ. ರಕ್ತವನ್ನು ಹೆಪ್ಪುಗಟ್ಟಿಸಿ ಕೊಲ್ಲುತ್ತದಂತೆ. ಹಾಗಾಗಿ ಆಸ್ಪಿರಿನ್ ಮಾತ್ರೆ ನುಂಗಿದರೆ ಸಾಕಂತೆ.

ಈ ಸಂದೇಶ ಸುಳ್ಳು. ಕೋವಿಡ್ ಬರುವುದು ವೈರಸ್‌ನಿಂದಲೇ. ಆದರೆ ಸುಳ್ಳಿನೊಳಗೆ ಒಂದು ಚೂರು ನಿಜವೂ ಸೇರಿಕೊಂಡಿತ್ತು. ಅದಕ್ಕೇ ಅದು ಅಷ್ಟು ಬೇಗ ಹರಡಿತು. ತೀವ್ರ ಕೋವಿಡ್ ಆದವರ ಶ್ವಾಸಕೋಶದ ಸಣ್ಣ ಸಣ್ಣ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿದ್ದು ನಿಜ.

ಹಾಗಾದರೆ ರೋಗಾಣು ಒಳಬಂದರೆ ರಕ್ತ ಯಾಕೆ ಹೆಪ್ಪುಗಟ್ಟಬೇಕು? ರಕ್ತ ಸೋರದಂತೆ ತಡೆಯುವ ವ್ಯವಸ್ಥೆಗೂ ರೋಗದ ವಿರುದ್ಧ ಹೋರಾಡುವ ವ್ಯವಸ್ಥೆಗೂ ಏನು ನಂಟು? ಇದನ್ನು ತಿಳಿಯಲು 140 ವರ್ಷಕ್ಕೂ ಹಿಂದೆ ಸಮುದ್ರ ತೀರದ ಒಂದು ಮನೆಯಲ್ಲಿ ನಕ್ಷತ್ರ ಮೀನಿನ ಮರಿಗೆ ಮುಳ್ಳು ಚುಚ್ಚಿದ ವಿಜ್ಞಾನಿಯೊಬ್ಬರ ಬದುಕನ್ನು ನೋಡಬೇಕು. ಅವರ ಹೆಸರು ಇಲ್ಯಾ ಮೆಚ್ನಿಕೋಫ್. ಮೊಸರು ತಿಂದರೆ ಆಯಸ್ಸು ಹೆಚ್ಚುತ್ತದೆ ಎಂಬ ಮಾತನ್ನು ಜಗತ್ತಿಗೆಲ್ಲ ಹಬ್ಬಿಸಿದವರೂ ಇವರೇ.

ಅವಸರದ ಹುಡುಗ

ಮೆಚ್ನಿಕೋಫ್ ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಖಾರ್ಕಿವ್ ಬಳಿಯ ಇವಾನೋವ್ಕಾ ಎಂಬ ಹಳ್ಳಿಯಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು, ಈಗ ಉಕ್ರೇನ್‌ನಲ್ಲಿದೆ. ತಂದೆ ಸೇನೆಯ ಅಧಿಕಾರಿ. ತಾಯಿ ಯಹೂದಿ ಮೂಲದವರು. ಮಗನ ಓದಿಗೆ ಒತ್ತಾಸೆಯಾಗಿ ನಿಂತವರು ತಾಯಿಯೇ.

ಹುಡುಗನಿಗೆ ಎಲ್ಲದರಲ್ಲೂ ಅವಸರ. ಖಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿದರು. ನಂತರ ಜರ್ಮನಿಗೆ ಹೋದರು, ಅಲ್ಲಿಂದ ಇಟಲಿಯ ನೇಪಲ್ಸ್‌ಗೆ. ಸಮುದ್ರದ ಬೆನ್ನೆಲುಬಿಲ್ಲದ ಪ್ರಾಣಿಗಳು ಮೊಟ್ಟೆಯಿಂದ ಹೇಗೆ ಬೆಳೆಯುತ್ತವೆ ಎಂಬುದು ಅವರ ಅಧ್ಯಯನದ ವಿಷಯ. ಒಂದು ಮಾತು ನೆನಪಿಟ್ಟುಕೊಳ್ಳಿ, ಮೆಚ್ನಿಕೋಫ್ ವೈದ್ಯರಲ್ಲ, ಪ್ರಾಣಿಶಾಸ್ತ್ರಜ್ಞ. ಮುಂದೆ ವೈದ್ಯಲೋಕ ಅವರನ್ನು ಸುಲಭವಾಗಿ ಒಪ್ಪದಿರಲು ಇದೂ ಒಂದು ಕಾರಣ.

25ರ ಹರೆಯಕ್ಕೆ ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದಲ್ಲಿ ಪ್ರೊಫೆಸರ್ ಆದರು. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಚೆನ್ನಾಗಿತ್ತು. ಮನೆಯೊಳಗೆ ಮಾತ್ರ ನೆಮ್ಮದಿ ಇರಲಿಲ್ಲ. 1869ರಲ್ಲಿ ಮದುವೆಯಾದ ಲುದ್ಮಿಲಾ ಅವರಿಗೆ ಕ್ಷಯ. ಮದುವೆಯ ದಿನವೇ ನಡೆಯಲಾಗದೆ, ಅವರನ್ನು ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಕರೆತರಬೇಕಾಯಿತು. ಬೆಚ್ಚಗಿನ ಹವೆ ಹುಡುಕಿಕೊಂಡು ಊರೂರು ಅಲೆದರು. ಕ್ಷಯಕ್ಕೆ ಆಗ ಮದ್ದೇ ಇರಲಿಲ್ಲ. 1873ರಲ್ಲಿ ಮದೈರಾ ದ್ವೀಪದಲ್ಲಿ ಲುದ್ಮಿಲಾ ತೀರಿಕೊಂಡರು. ಆ ಹೊಡೆತಕ್ಕೆ ಮೆಚ್ನಿಕೋಫ್ ಪ್ರಾಣ ಕಳೆದುಕೊಳ್ಳಲೂ ಯತ್ನಿಸಿದರು. ಅದೃಷ್ಟಕ್ಕೆ ಬದುಕುಳಿದರು.

1875ರಲ್ಲಿ ಓಲ್ಗಾ ಅವರನ್ನು ಮದುವೆಯಾದರು. ಕೆಲವೇ ವರ್ಷಗಳಲ್ಲಿ ಓಲ್ಗಾಗೆ ಟೈಫಾಯಿಡ್ ಬಂತು, ಅವರು ಸಾವಿನ ಅಂಚಿಗೆ ಹೋಗಿ ಬಂದರು. ಅದರ ಬೆನ್ನಿಗೇ, 1881ರಲ್ಲಿ, ಮೆಚ್ನಿಕೋಫ್ ರೋಗಿಯೊಬ್ಬರ ರಕ್ತವನ್ನು ತಮಗೇ ಚುಚ್ಚಿಕೊಂಡರು. ಮರುಕಳಿಸುವ ಜ್ವರ ರಕ್ತದಿಂದ ಹರಡುತ್ತದೆಯೇ ಎಂದು ನೋಡುವುದು ಉದ್ದೇಶ. ಹರಡಿತು, ಅವರು ತೀವ್ರವಾಗಿ ಹಾಸಿಗೆ ಹಿಡಿದರು. ಸೋಂಕು ಎಂದರೆ ಏನೆಂದು ಮನೆಯೊಳಗೂ ಮೈಯೊಳಗೂ ಕಂಡವರು ಮುಂದೆ ರೋಗನಿರೋಧಕ ಶಕ್ತಿಯ ಹಿಂದೆ ಬಿದ್ದರು ಎಂಬುದು ಅಚ್ಚರಿಯಲ್ಲ.

ಮನೆಯವರೆಲ್ಲ ಸರ್ಕಸ್‌ಗೆ ಹೋಗಿದ್ದಾಗ

1881ರಲ್ಲಿ ರಷ್ಯಾದ ದೊರೆಯ ಹತ್ಯೆಯಾಯಿತು. ವಿಶ್ವವಿದ್ಯಾಲಯಗಳಲ್ಲಿ ಗಲಭೆ, ಕಣ್ಗಾವಲು ಹೆಚ್ಚಾದವು. ಬೇಸತ್ತ ಮೆಚ್ನಿಕೋಫ್ 1882ರಲ್ಲಿ ಕೆಲಸ ಬಿಟ್ಟರು. ಹೆಂಡತಿ ಮತ್ತು ಹೆಂಡತಿಯ ತಮ್ಮ ತಂಗಿಯರನ್ನು ಕರೆದುಕೊಂಡು ಇಟಲಿಯ ಸಿಸಿಲಿ ದ್ವೀಪದ ಮೆಸ್ಸಿನಾ ಊರಿಗೆ ಹೋದರು. ಸಮುದ್ರಕ್ಕೆ ಹತ್ತಿರದ ಬಾಡಿಗೆ ಮನೆಯ ಕೋಣೆಯೇ ಅವರ ಪ್ರಯೋಗಾಲಯ.

ಅದೇ ಡಿಸೆಂಬರ್‌ನ ಒಂದು ದಿನ ಮನೆಯವರೆಲ್ಲ ಸರ್ಕಸ್‌ನಲ್ಲಿ ವಾನರಗಳ ಆಟ ನೋಡಲು ಹೋಗಿದ್ದರು. ಮೆಚ್ನಿಕೋಫ್ ಒಬ್ಬರೇ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ಗಾಜಿನಷ್ಟು ಪಾರದರ್ಶಕವಾದ ನಕ್ಷತ್ರ ಮೀನಿನ ಮರಿಯೊಳಗೆ ಕೆಲವು ಜೀವಕೋಶಗಳು ಅತ್ತಿತ್ತ ತೆವಳುತ್ತಿದ್ದವು. ಈ ಅಲೆಮಾರಿ ಕೋಶಗಳ ಕೆಲಸವೇನು? ಇವು ದೇಹದ ಕಾವಲುಗಾರರು ಇರಬಹುದೇ? ಹಾಗಿದ್ದರೆ ಈ ಮರಿಯ ಮೈಗೆ ಮುಳ್ಳು ಹೊಕ್ಕರೆ ಇವೆಲ್ಲ ಅಲ್ಲಿಗೆ ಓಡಿ ಬರಬೇಕಲ್ಲವೇ?

ಮನೆಯ ಪುಟ್ಟ ತೋಟದಿಂದ ಗುಲಾಬಿ ಮುಳ್ಳು ಕಿತ್ತು ತಂದರು. ಮರಿಗಳ ತೊಗಲಿನಡಿ ಸೇರಿಸಿದರು. ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಬೇಗನೆದ್ದು ನೋಡಿದರೆ ಮುಳ್ಳಿನ ಸುತ್ತ ಆ ಕೋಶಗಳು ದಟ್ಟವಾಗಿ ಮುತ್ತಿಕೊಂಡಿದ್ದವು.

ಕಾಲಿಗೆ ಮುಳ್ಳು ಚುಚ್ಚಿದಾಗ ನಾವೆಲ್ಲ ಇದನ್ನು ನೋಡಿದ್ದೇವೆ. ಮರುದಿನ ಆ ಜಾಗ ಕೆಂಪಾಗುತ್ತದೆ, ಬಾತುಕೊಳ್ಳುತ್ತದೆ, ಕೀವು ಕಟ್ಟುತ್ತದೆ. ಆದರೆ ನಕ್ಷತ್ರ ಮೀನಿನ ಮರಿಯಲ್ಲಿ ನಮ್ಮಂಥ ರಕ್ತನಾಳಗಳಿಲ್ಲ. ಆದರೂ ಕೋಶಗಳು ಬಂದವು. ಅಂದರೆ ಉರಿಯೂತದ ತಿರುಳು ಇರುವುದು ರಕ್ತನಾಳದಲ್ಲಲ್ಲ, ನಡೆದು ಬರುವ ಈ ಕೋಶಗಳಲ್ಲಿ ಎಂದು ಮೆಚ್ನಿಕೋಫ್ ತೀರ್ಮಾನಿಸಿದರು.

ಮರುವರ್ಷ ವಿಯೆನ್ನಾದ ಪ್ರಾಣಿಶಾಸ್ತ್ರಜ್ಞ ಕ್ಲಾಸ್ ಅವರ ಸಲಹೆಯಂತೆ ಈ ಕೋಶಗಳಿಗೆ ಗ್ರೀಕ್ ಮೂಲದ ಹೆಸರಿಟ್ಟರು, ಫ್ಯಾಗೊಸೈಟ್. ತಿನ್ನುವ ಕೋಶ ಎಂದರ್ಥ. ನಮ್ಮ ರಕ್ತ ಪರೀಕ್ಷೆಯ ವರದಿಯಲ್ಲಿ ಕಾಣುವ ನ್ಯೂಟ್ರೋಫಿಲ್, ಮೊನೊಸೈಟ್‌ಗಳು ಇದೇ ಕುಟುಂಬದವು.

ಬಿಳಿ ರಕ್ತಕಣ ಮಿತ್ರನೋ ಶತ್ರುವೋ?

ಇಂದು ಬಿಳಿ ರಕ್ತಕಣ ದೇಹದ ಸೈನಿಕ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಆಗ ಹಾಗಿರಲಿಲ್ಲ. ಉರಿಯೂತವಾದಾಗ ಬಿಳಿ ಕಣಗಳು ರಕ್ತನಾಳದ ಗೋಡೆಯಿಂದ ಹೊರಗೆ ನುಸುಳುವುದನ್ನು ಜರ್ಮನಿಯ ಕೋನ್‌ಹೈಮ್ 1867ರಲ್ಲೇ ಕಪ್ಪೆಯಲ್ಲಿ ತೋರಿಸಿದ್ದರು. ಅವುಗಳೊಳಗೆ ರೋಗಾಣುಗಳಿರುವುದನ್ನೂ ಹಲವರು ನೋಡಿದ್ದರು. ಆದರೆ ರೋಗಾಣು ಈ ಕಣಗಳೊಳಗೆ ಹೊಕ್ಕು, ಅವುಗಳನ್ನೇ ವಾಹನ ಮಾಡಿಕೊಂಡು ಮೈಯೆಲ್ಲ ಹರಡುತ್ತದೆ ಎಂಬುದು ಅಂದಿನ ಪಾಠಪುಸ್ತಕಗಳ ವಿವರಣೆಯಾಗಿತ್ತು. ಮೆಸ್ಸಿನಾಕ್ಕೆ ಬಂದಿದ್ದ ಹೆಸರಾಂತ ರೋಗಶಾಸ್ತ್ರಜ್ಞ ವಿರ್ಖೋ ಈ ಪ್ರಯೋಗಗಳನ್ನು ನೋಡಿ ಮೆಚ್ಚಿದರು. ಆದರೆ ಎಲ್ಲರೂ ಇದಕ್ಕೆ ತಿರುಗುಮುರುಗಾದದ್ದನ್ನು ನಂಬಿದ್ದಾರೆ, ಹುಷಾರಾಗಿ ಹೆಜ್ಜೆ ಇಡಿ ಎಂದು ಎಚ್ಚರಿಸಿದರು.

ಮುಂದಿನ ಪುರಾವೆ ಸಿಕ್ಕಿದ್ದು ಕೆರೆಕುಂಟೆಗಳ ಡಾಫ್ನಿಯಾ ಎಂಬ ನೀರುಚಿಗಟದಲ್ಲಿ. ಅದೂ ಪಾರದರ್ಶಕ ಜೀವಿ. ಸೂಜಿಯಂಥ ಶಿಲೀಂಧ್ರ ಬೀಜಗಳು ಅದರ ಕರುಳನ್ನು ತೂರಿ ಒಳಬರುತ್ತವೆ. ಫ್ಯಾಗೊಸೈಟ್‌ಗಳು ಆ ಬೀಜಗಳನ್ನು ಸುತ್ತುವರಿದು ಕರಗಿಸಿದರೆ ಡಾಫ್ನಿಯಾ ಬದುಕುತ್ತದೆ, ಸೋತರೆ ಸಾಯುತ್ತದೆ. 1884ರಲ್ಲಿ ಮೆಚ್ನಿಕೋಫ್ ಇದನ್ನು ಪ್ರಕಟಿಸಿದರು.

1886ರಲ್ಲಿ ಒಡೆಸ್ಸಾದಲ್ಲಿ ಹೊಸ ಬ್ಯಾಕ್ಟೀರಿಯಾ ಪ್ರಯೋಗಾಲಯಕ್ಕೆ ಮುಖ್ಯಸ್ಥರಾದರು. ಅಲ್ಲಿ ನೆಮ್ಮದಿಯಿಂದ ಕೆಲಸ ಮಾಡಲಾಗಲಿಲ್ಲ. ವೈದ್ಯಕೀಯ ಪದವಿ ಇಲ್ಲದವರು ಎಂದು ಸ್ಥಳೀಯ ವೈದ್ಯರು ತಕರಾರು ತೆಗೆದರು. 1888ರಲ್ಲಿ ಅಲ್ಲಿಂದ ಹೋದ ಆಂಥ್ರಾಕ್ಸ್ ಲಸಿಕೆ ಎಡವಟ್ಟಾಗಿ ಸಾವಿರಾರು ಕುರಿಗಳು ಸತ್ತವು. ಮೆಚ್ನಿಕೋಫ್ ರಷ್ಯಾ ಬಿಟ್ಟರು. ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ತಮ್ಮ ಹೊಸ ಸಂಸ್ಥೆಯಲ್ಲಿ ಅವರಿಗೆ ಪ್ರಯೋಗಾಲಯ ಕೊಟ್ಟರು. ಉಳಿದ 28 ವರ್ಷ ಅದೇ ಅವರ ಮನೆಯಾಯಿತು.

ಇಲ್ಲಿ ನಮ್ಮ ನೆಲಕ್ಕೂ ಒಂದು ನಂಟಿದೆ. ಒಡೆಸ್ಸಾದಲ್ಲಿ ಮೆಚ್ನಿಕೋಫ್ ಶಿಷ್ಯರಾಗಿದ್ದ ವಾಲ್ಡೆಮಾರ್ ಹಾಫ್‌ಕಿನ್ ಗುರುವಿನ ನೆರವಿನಿಂದ ಇದೇ ಸಂಸ್ಥೆಗೆ ಗ್ರಂಥಪಾಲಕರಾಗಿ ಸೇರಿದರು. ಅಲ್ಲಿ ಕಾಲರಾ ಲಸಿಕೆ ರೂಪಿಸಿ 1893ರಲ್ಲಿ ಭಾರತಕ್ಕೆ ಬಂದರು. 1897ರಲ್ಲಿ ಮುಂಬೈಯಲ್ಲಿ ಪ್ಲೇಗ್ ಲಸಿಕೆ ಸಿದ್ಧಪಡಿಸಿ ಮೊದಲು ತಾವೇ ಚುಚ್ಚಿಸಿಕೊಂಡರು. 1898ರ ಪ್ಲೇಗಿನಲ್ಲಿ ಹುಬ್ಬಳ್ಳಿ ಧಾರವಾಡದ ಸಾವಿರಾರು ಜನ ಹಾಕಿಸಿಕೊಂಡದ್ದು ಆ ಲಸಿಕೆಯನ್ನೇ.

ಕೋಶವೋ, ರಕ್ತದ ನೀರೋ?

ಪ್ಯಾರಿಸ್‌ನಲ್ಲಿ ಜಾಗ ಸಿಕ್ಕ ಹೊತ್ತಿಗೇ ದೊಡ್ಡ ಜಗಳವೂ ಶುರುವಾಯಿತು. ರಕ್ತದಿಂದ ಕೋಶಗಳನ್ನೆಲ್ಲ ತೆಗೆದುಹಾಕಿ, ಉಳಿದ ತಿಳಿಯಾದ ಸೀರಮ್‌ಗೆ ಬ್ಯಾಕ್ಟೀರಿಯಾ ಹಾಕಿದರೂ ಅವು ಸಾಯುತ್ತವೆ ಎಂದು 1888ರ ಸುಮಾರಿಗೆ ಗೊತ್ತಾಯಿತು. ಜರ್ಮನಿಯ ಬುಖ್ನರ್ ಆ ಕೊಲ್ಲುವ ವಸ್ತುವಿಗೆ ಅಲೆಕ್ಸಿನ್ ಎಂದು ಹೆಸರಿಟ್ಟರು. 1890ರಲ್ಲಿ ಬೆಹ್ರಿಂಗ್ ಮತ್ತು ಕಿತಾಸಾತೊ ಸೀರಮ್‌ನಿಂದಲೇ ಡಿಫ್ತೀರಿಯಾ, ಧನುರ್ವಾಯುಗಳ ವಿಷವನ್ನು ಅಡಗಿಸಬಹುದು ಎಂದು ತೋರಿಸಿದರು. ಕಾಪಾಡುವುದು ರಕ್ತದ ದ್ರವ, ಫ್ಯಾಗೊಸೈಟ್‌ಗಳು ಆಮೇಲೆ ಬಂದು ಹೆಣ ಎತ್ತುವ ಕಸಗುಡಿಸುವವರು ಅಷ್ಟೇ ಎಂದು ಜರ್ಮನ್ ಬಣ ವಾದಿಸಿತು.

ಮೆಚ್ನಿಕೋಫ್ ಪಟ್ಟು ಬಿಡಲಿಲ್ಲ. ಸಭೆಯಿಂದ ಸಭೆಗೆ ಹೋಗಿ ವಾದಿಸಿದರು. ಒಂದೊಂದು ಆಕ್ಷೇಪಕ್ಕೂ ಹೊಸ ಪ್ರಯೋಗ ಮಾಡಿ ಉತ್ತರ ಕೊಟ್ಟರು. ಅಲೆಕ್ಸಿನ್ ಬಗ್ಗೆ ಅವರು ಕೊಟ್ಟ ವಿವರಣೆ ಹೀಗಿತ್ತು. ಆ ವಸ್ತು ಹರಿಯುವ ರಕ್ತದಲ್ಲಿ ಬಿಡಿಯಾಗಿ ಇರುವುದೇ ಇಲ್ಲ. ರಕ್ತವನ್ನು ಹೊರತೆಗೆದು ಗಾಜಿನ ಕೊಳವೆಯಲ್ಲಿ ಹೆಪ್ಪುಗಟ್ಟಿಸಿದಾಗ ಬಿಳಿ ಕಣಗಳು ಒಡೆದು ಅದನ್ನು ಹೊರಚೆಲ್ಲುತ್ತವೆ. ಹಾಗಾಗಿ ಕೊನೆಗೂ ಕೆಲಸ ಮಾಡುವುದು ಕೋಶವೇ.

ಈ ವಿವರಣೆ ತಪ್ಪು ಎಂದು ನಂತರ ತಿಳಿಯಿತು. ಆದರೆ ಹೆಪ್ಪುಗಟ್ಟುವಿಕೆ, ಸೀರಮ್‌ನ ವಸ್ತು, ನಡೆದಾಡುವ ಕೋಶ, ಈ ಮೂರನ್ನೂ ಒಟ್ಟಿಗೇ ಇಟ್ಟು ನೋಡಬೇಕೆಂಬ ಪ್ರಶ್ನೆ ಆಗಲೇ ಎದ್ದಿತ್ತು.

ಶಿಷ್ಯನ ಕೈಯಲ್ಲಿ ಸಿಕ್ಕ ಉತ್ತರ

1894ರಲ್ಲಿ ಬೆಲ್ಜಿಯಂನಿಂದ 24ರ ಯುವ ವೈದ್ಯ ಜೂಲ್ಸ್ ಬೋರ್ಡೆ ಮೆಚ್ನಿಕೋಫ್ ಅವರ ಪ್ರಯೋಗಾಲಯ ಸೇರಿದರು. ಗುರು ಕೋಶದ ಪಕ್ಷದವರು. ಶಿಷ್ಯ ಕೈಹಾಕಿದ್ದು ಎದುರು ಪಕ್ಷದ ಸೀರಮ್‌ಗೆ.

ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುವ ಸೀರಮ್ಮನ್ನು ಸುಮಾರು 55 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದರೆ ಅದರ ಶಕ್ತಿ ಹೋಗುತ್ತಿತ್ತು. ಅದಕ್ಕೆ ಲಸಿಕೆ ಪಡೆಯದ ಪ್ರಾಣಿಯ ತಾಜಾ ಸೀರಮ್ ಸ್ವಲ್ಪ ಬೆರೆಸಿದರೆ ಶಕ್ತಿ ಮರಳುತ್ತಿತ್ತು. ಅಂದರೆ ಅಲ್ಲಿ ಇದ್ದದ್ದು ಎರಡು ವಸ್ತು ಎಂದು 1895ರಲ್ಲಿ ಬೋರ್ಡೆ ತೋರಿಸಿದರು. ಒಂದು, ಬಿಸಿಗೆ ಜಗ್ಗದ, ನಿರ್ದಿಷ್ಟ ರೋಗಾಣುವನ್ನೇ ಗುರುತಿಸುವ ಪ್ರತಿಕಾಯ. ಇನ್ನೊಂದು, ಬಿಸಿಗೆ ಕೆಡುವ, ಎಲ್ಲರ ರಕ್ತದಲ್ಲೂ ಇರುವ ವಸ್ತು. ಪ್ರತಿಕಾಯದ ಕೆಲಸವನ್ನು ಇದು ಪೂರ್ತಿಗೊಳಿಸುವುದರಿಂದ ಪಾಲ್ ಏರ್ಲಿಖ್ ಇದಕ್ಕೆ ಪೂರಕ ಎಂಬರ್ಥದ ಕಾಂಪ್ಲಿಮೆಂಟ್ ಎಂಬ ಹೆಸರು ಕೊಟ್ಟರು. ಆ ಹೆಸರೇ ಉಳಿಯಿತು.

ಎದುರು ಪಕ್ಷಕ್ಕೆ ಬಲ ಕೊಡುವ ಈ ಸಂಶೋಧನೆ ಮೆಚ್ನಿಕೋಫ್ ಅವರ ಕಣ್ಣೆದುರೇ, ಅವರ ಪ್ರಯೋಗಾಲಯದಲ್ಲೇ ನಡೆಯಿತು. ಅವರು ಅದನ್ನು ತಡೆಯಲಿಲ್ಲ. ಬೋರ್ಡೆ ಬ್ರಸೆಲ್ಸ್‌ಗೆ ಮರಳಿದ ಮೇಲೆ ರಕ್ತ ಹೇಗೆ ಹೆಪ್ಪುಗಟ್ಟುತ್ತದೆ ಎಂಬುದನ್ನೂ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಕಾಂಪ್ಲಿಮೆಂಟ್ ಮತ್ತು ಹೆಪ್ಪುಗಟ್ಟುವಿಕೆ ಎರಡನ್ನೂ ಒಬ್ಬರೇ ಹಿಂಬಾಲಿಸಿದ್ದು ಇಂದು ಹಿಂದಿರುಗಿ ನೋಡಿದರೆ ಸೋಜಿಗ ಹುಟ್ಟಿಸುತ್ತದೆ. ರೋಗನಿರೋಧಕತೆಯ ಸಂಶೋಧನೆಗಾಗಿ 1919ನೇ ಸಾಲಿನ ನೊಬೆಲ್ ಬೋರ್ಡೆ ಅವರಿಗೆ ಸಂದಿತು.

ಅದಕ್ಕೂ ಮೊದಲು, 1908ರಲ್ಲಿ, ನೊಬೆಲ್ ಸಮಿತಿ ಎರಡೂ ಬಣಗಳನ್ನು ಒಂದೇ ವೇದಿಕೆಗೆ ಕರೆದಿತ್ತು. ಕೋಶದ ಪರವಾಗಿದ್ದ ಮೆಚ್ನಿಕೋಫ್ ಮತ್ತು ದ್ರವದ ಪರವಾಗಿದ್ದ ಏರ್ಲಿಖ್ ಪ್ರಶಸ್ತಿಯನ್ನು ಹಂಚಿಕೊಂಡರು. ಅದೇ ಡಿಸೆಂಬರ್ 28ರಂದು ಭೂಕಂಪವಾಗಿ ಮೆಸ್ಸಿನಾ ನಗರ ನೆಲಸಮವಾಯಿತು.

ಮುಳ್ಳು ಚುಚ್ಚಿದಾಗ ಒಳಗೆ ನಡೆಯುವುದೇನು?

ಕೋಶಗಳು ಮುಳ್ಳಿನ ಕಡೆಗೆ ನಡೆದು ಬರುತ್ತವೆ ಎಂದು ಮೆಚ್ನಿಕೋಫ್ ತೋರಿಸಿದರು. ಆದರೆ ಅವುಗಳಿಗೆ ದಾರಿ ಹೇಳುವವರು ಯಾರು? ನಮ್ಮ ದೇಹದಲ್ಲಿ ಆ ಕೆಲಸದ ದೊಡ್ಡ ಪಾಲು ಎದುರು ಬಣ ಹೇಳುತ್ತಿದ್ದ ರಕ್ತದ ದ್ರವದ್ದೇ ಎಂದು ಈಗ ಗೊತ್ತಿದೆ. ಇದನ್ನು ಹಂತ ಹಂತವಾಗಿ ನೋಡೋಣ.

ಮೊದಲು ಹೆಪ್ಪು. ಮುಳ್ಳು ಸಣ್ಣ ರಕ್ತನಾಳವನ್ನು ಸೀಳಿದ ಕೂಡಲೇ ಒಂದು ಕಿಣ್ವ ಇನ್ನೊಂದನ್ನು ಎಬ್ಬಿಸುತ್ತಾ ಹೋಗಿ ಕೊನೆಗೆ ಥ್ರಾಂಬಿನ್ ಎಂಬ ಕಿಣ್ವ ತಯಾರಾಗುತ್ತದೆ. ಅದು ಫೈಬ್ರಿನ್ ಎಂಬ ಎಳೆಗಳ ಬಲೆ ನೇಯಿಸಿ ರಕ್ತ ಸೋರುವುದನ್ನು ನಿಲ್ಲಿಸುತ್ತದೆ. ಶಾಲೆಯಲ್ಲಿ ಓದಿದ್ದು ಇಷ್ಟು. ಥ್ರಾಂಬಿನ್‌ಗೆ ಇನ್ನೊಂದು ಕೆಲಸವೂ ಇದೆ. ರಕ್ತನಾಳದ ಒಳಗೋಡೆಯ ಕೋಶಗಳ ಮೇಲೆ ಕರೆಗಂಟೆಯಂಥ ಗ್ರಾಹಕಗಳಿವೆ. ಥ್ರಾಂಬಿನ್ ಅವುಗಳ ತುದಿ ಕತ್ತರಿಸಿ ಗಂಟೆ ಬಾರಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಗೋಡೆಯ ಮೇಲೆ ಪಿ-ಸೆಲೆಕ್ಟಿನ್ ಎಂಬ ಅಂಟುವ ಪ್ರೋಟೀನ್ ಮೂಡುತ್ತದೆ. ರಕ್ತದೊಂದಿಗೆ ರಭಸವಾಗಿ ಸಾಗುತ್ತಿದ್ದ ಬಿಳಿ ಕಣಗಳು ಅದಕ್ಕೆ ತಾಗಿ ನಿಧಾನವಾಗುತ್ತವೆ, ಉರುಳುತ್ತವೆ, ನಿಲ್ಲುತ್ತವೆ. ಆಮೇಲೆ ಗೋಡೆಯ ಕೋಶಗಳ ನಡುವೆ ಮೈ ಕಿರಿದಾಗಿಸಿ ಹೊರಗೆ ನುಸುಳುತ್ತವೆ. ಫೈಬ್ರಿನ್ ಎಳೆಗಳನ್ನು ಹಿಡಿದುಕೊಳ್ಳಲು ಬೇಕಾದ ಗ್ರಾಹಕವೂ ಅವುಗಳ ಮೈಮೇಲಿದೆ.

ಎರಡನೆಯದು ಕಾಂಪ್ಲಿಮೆಂಟ್. ಇದು ಒಂದೇ ವಸ್ತುವಲ್ಲ, 30ಕ್ಕೂ ಹೆಚ್ಚು ಪ್ರೋಟೀನ್‌ಗಳ ತಂಡ. ಹೆಚ್ಚಿನವು ಯಕೃತ್ತಿನಲ್ಲಿ ತಯಾರಾಗಿ, ಕೆಲಸ ಬರುವವರೆಗೆ ರಕ್ತದಲ್ಲಿ ಸುಮ್ಮನೆ ತಿರುಗುತ್ತವೆ. ಮುಳ್ಳಿನೊಂದಿಗೆ ಒಳಬಂದ ಬ್ಯಾಕ್ಟೀರಿಯಾ ಸಿಕ್ಕಿದರೆ ಇಲ್ಲೂ ಒಂದು ಇನ್ನೊಂದನ್ನು ಸೀಳುತ್ತಾ ಹೋಗುತ್ತದೆ. ಸೀಳಿದಾಗ ಬರುವ ಸಿ3ಬಿ ಎಂಬ ತುಣುಕು ಬ್ಯಾಕ್ಟೀರಿಯಾದ ಮೈಗೆ ಅಂಟಿ, ತಿನ್ನುವ ಕೋಶಕ್ಕೆ ಇದನ್ನು ತಿನ್ನು ಎಂದು ಗುರುತು ಹಾಕುತ್ತದೆ. ಸಿ5ಎ ಎಂಬ ಇನ್ನೊಂದು ಚಿಕ್ಕ ತುಣುಕು ಅಂಗಾಂಶದಲ್ಲಿ ಹರಡುತ್ತದೆ. ನ್ಯೂಟ್ರೋಫಿಲ್‌ಗಳನ್ನು ಕರೆಯುವ ಅತ್ಯಂತ ಬಲವಾದ ಸಂಕೇತಗಳಲ್ಲಿ ಇದೂ ಒಂದು. ಅಡುಗೆಮನೆಯ ಒಗ್ಗರಣೆ ಘಮ ಹಿಡಿದು ನಾವು ಹೋಗುವ ಹಾಗೆ, ಸಿ5ಎ ಯಾವ ಕಡೆ ಹೆಚ್ಚಿದೆಯೋ ಆ ಕಡೆಗೆ ನ್ಯೂಟ್ರೋಫಿಲ್ ತೆವಳುತ್ತದೆ.

ಮೂರನೆಯದು ಇವೆರಡರ ನಂಟು. ಥ್ರಾಂಬಿನ್ ತಾನೇ ನೇರವಾಗಿ ಕಾಂಪ್ಲಿಮೆಂಟ್ ತಂಡದ ಸಿ5 ಪ್ರೋಟೀನನ್ನು ಸೀಳಿ ಸಿ5ಎ ತಯಾರಿಸಬಲ್ಲದು ಎಂದು 2006ರಲ್ಲಿ ಇಲಿಗಳ ಪ್ರಯೋಗದಲ್ಲಿ ತಿಳಿಯಿತು. ಅಂದರೆ ಹೆಪ್ಪುಗಟ್ಟಿಸುವ ಕಿಣ್ವವೇ ಬಿಳಿ ಕಣಗಳಿಗೆ ಓಲೆ ಬರೆಯುತ್ತದೆ. ಇದಕ್ಕೆ ಲಗಾಮೂ ಇದೆ. ಥ್ರಾಂಬಿನ್ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆ, ಅದು ಸಿ5ಎಯ ತುದಿಯ ಒಂದು ಅಮೈನೋ ಆಮ್ಲವನ್ನು ಕತ್ತರಿಸಿ ಕರೆಯ ಸದ್ದು ತಗ್ಗಿಸುತ್ತದೆ.

ಹೀಗೆ ಕರೆ ಕೇಳಿದ ನ್ಯೂಟ್ರೋಫಿಲ್‌ಗಳು ಮೊದಲ ಕೆಲವು ಗಂಟೆಗಳಲ್ಲೇ ಬಂದು ಸೇರುತ್ತವೆ. ನಮ್ಮ ಮೂಳೆಯ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು ತಯಾರಿಸುತ್ತದೆ. ಕಾಲಿಗೆ ಕಟ್ಟಿದ ಕೀವಿನಲ್ಲಿ ಹೆಚ್ಚಿನಂಶ ಇರುವುದು ಹೋರಾಡಿ ಸತ್ತ ಇವುಗಳೇ. ಕೆಟ್ಟ ರಕ್ತ ಹೊರಬರುತ್ತಿದೆ ಎನ್ನುವ ಮಾತು ಸರಿಯಲ್ಲ.

ಸಮುದ್ರದ ಅಂಚಿನಲ್ಲಿ ಬದುಕುವ ಕುದುರೆಲಾಳ ಏಡಿಯನ್ನು ನೋಡಿದರೆ ಈ ನಂಟು ಇನ್ನೂ ಸ್ಪಷ್ಟ. ಅದರ ರಕ್ತದಲ್ಲಿ ಓಡಾಡುವ ಕೋಶಗಳೊಳಗೇ ಹೆಪ್ಪುಗಟ್ಟಿಸುವ ಕಿಣ್ವಗಳಿವೆ. ಬ್ಯಾಕ್ಟೀರಿಯಾದ ವಿಷ ತಾಗಿದ ಕೂಡಲೇ ರಕ್ತ ಗಟ್ಟಿಯಾಗಿ ರೋಗಾಣು ಅಲ್ಲೇ ಸಿಕ್ಕಿಬೀಳುತ್ತದೆ. ಗಾಯ ಮುಚ್ಚುವುದು, ರೋಗಾಣು ಹಿಡಿಯುವುದು, ಎರಡೂ ಅದಕ್ಕೆ ಒಂದೇ ಕೆಲಸ.

ಕರೆ ಅತಿಯಾದರೆ ಅಪಾಯ

ಮುಳ್ಳು ಚುಚ್ಚಿದ ಬೆರಳಿನಲ್ಲಿ ಈ ಏರ್ಪಾಡು ನಮ್ಮನ್ನು ಉಳಿಸುತ್ತದೆ. ಅದೇ ಏರ್ಪಾಡು ಮೈಯೆಲ್ಲ ಒಮ್ಮೆಲೇ ಶುರುವಾದರೆ? ನಂಜು ರಕ್ತಕ್ಕೇರಿದಾಗ ಆಗುವುದು ಅದೇ. ಎಲ್ಲೆಡೆ ಸಣ್ಣ ಸಣ್ಣ ಹೆಪ್ಪುಗಳು, ಎಲ್ಲೆಡೆ ಸಿ5ಎ, ದಾರಿ ತಪ್ಪಿದ ನ್ಯೂಟ್ರೋಫಿಲ್‌ಗಳು. ಅವು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಹೊರಚೆಲ್ಲುತ್ತವೆ ಎಂದು 2004ರಲ್ಲಿ ತಿಳಿಯಿತು. ಆ ಬಲೆ ರೋಗಾಣುವನ್ನೂ ಹಿಡಿಯುತ್ತದೆ, ಮತ್ತಷ್ಟು ಹೆಪ್ಪನ್ನೂ ಕಟ್ಟಿಸುತ್ತದೆ. ತೀವ್ರ ಕೋವಿಡ್‌ನಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಹೆಪ್ಪು ಕಂಡದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ಹೆಪ್ಪು ಇತ್ತು ಎಂದ ಮಾತ್ರಕ್ಕೆ ವೈರಸ್ ಇರಲಿಲ್ಲ ಎಂದಾಗುವುದಿಲ್ಲ. ವೈರಸ್ ಬಂದದ್ದಕ್ಕೇ ಹೆಪ್ಪು ಕಟ್ಟಿತು.

ಆಸ್ಪಿರಿನ್ ವಿಷಯವೂ ಪರೀಕ್ಷೆಯಾಯಿತು. ಬ್ರಿಟನ್ನಿನ ರಿಕವರಿ ಅಧ್ಯಯನದಲ್ಲಿ ಆಸ್ಪತ್ರೆ ಸೇರಿದ ಸುಮಾರು 15,000 ಕೋವಿಡ್ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಆಸ್ಪಿರಿನ್ ಕೊಟ್ಟು ನೋಡಿದರು. ಸಾವಿನ ಪ್ರಮಾಣ ಕಡಿಮೆಯಾಗಲಿಲ್ಲ. ಇನ್ನು ನಮ್ಮಲ್ಲಿ ಮಳೆಗಾಲದ ಜ್ವರ ಡೆಂಗ್ಯೂ ಆಗಿದ್ದರೆ, ಫಾರ್ವರ್ಡ್ ನಂಬಿ ನುಂಗಿದ ಆಸ್ಪಿರಿನ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ. ಜ್ವರ ಬಂದ ಮಕ್ಕಳಿಗಂತೂ ವೈದ್ಯರು ಹೇಳದೆ ಅದನ್ನು ಕೊಡಲೇಬಾರದು.

ಕಾಂಪ್ಲಿಮೆಂಟ್ ತಂಡವನ್ನು ಹಿಡಿತದಲ್ಲಿಡುವ ಔಷಧಗಳೂ ಈಗ ಬಂದಿವೆ. ಸಿ5 ಪ್ರೋಟೀನನ್ನು ತಡೆಯುವ ಎಕುಲಿಜುಮಾಬ್ 2007ರಿಂದ ಅಪರೂಪದ ಒಂದು ರಕ್ತದ ಕಾಯಿಲೆಗೆ ಬಳಕೆಯಲ್ಲಿದೆ. ಆದರೆ ಅದನ್ನು ಪಡೆಯುವವರಿಗೆ ಮೊದಲು ಮೆನಿಂಜೈಟಿಸ್ ಲಸಿಕೆ ಹಾಕಬೇಕು. ಕಾವಲು ತಗ್ಗಿದರೆ ಆ ಬ್ಯಾಕ್ಟೀರಿಯಾಕ್ಕೆ ದಾರಿ ಸಲೀಸು. ಈ ವ್ಯವಸ್ಥೆ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಇಮ್ಯುನಿಟಿ ಬೂಸ್ಟ್ ಮಾಡುತ್ತೇವೆ ಎನ್ನುವ ಜಾಹೀರಾತು ನೋಡಿದಾಗ ಇದು ನೆನಪಿರಲಿ.

ಮೊಸರಿನ ಮಹಿಮೆ

ವಯಸ್ಸಾದಂತೆ ಮೆಚ್ನಿಕೋಫ್ ಗಮನ ಮುಪ್ಪಿನ ಕಡೆ ಹರಿಯಿತು. ಮುಪ್ಪಿನ ಅಧ್ಯಯನಕ್ಕೆ ಜೆರಂಟಾಲಜಿ ಎಂಬ ಹೆಸರು ಕೊಟ್ಟವರು ಅವರೇ, 1903ರಲ್ಲಿ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಉಂಟುಮಾಡುವ ವಿಷದಿಂದ ಮುಪ್ಪು ಬೇಗ ಬರುತ್ತದೆ, ಮೊಸರಿನ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾ ಅವುಗಳನ್ನು ಹತ್ತಿಕ್ಕುತ್ತದೆ ಎಂಬುದು ಅವರ ಊಹೆ. ಬಲ್ಗೇರಿಯಾದಲ್ಲಿ ಹುಳಿ ಹಾಲು ಕುಡಿಯುವ ಹಳ್ಳಿಗರು ಬಹಳ ಕಾಲ ಬದುಕುತ್ತಾರೆ ಎಂಬ ಮಾತು ಅವರಿಗೆ ಆಧಾರವಾಯಿತು. ತಾವೂ ದಿನಾ ಹುಳಿ ಹಾಲು ಕುಡಿದರು.

ಪತ್ರಿಕೆಗಳು ಇದನ್ನು ಎತ್ತಿಕೊಂಡವು. ಊಹೆಯಾಗಿ ಹೊರಟದ್ದು ಊರು ತಿರುಗುವ ಹೊತ್ತಿಗೆ ಚಿರಯೌವನದ ಗುಟ್ಟಾಗಿತ್ತು. ಔಷಧದ ಅಂಗಡಿಗಳಲ್ಲಿ ಹುಳಿ ಹಾಲಿನ ಮಾತ್ರೆಗಳು ಮಾರಾಟಕ್ಕೆ ಬಂದವು. ವಾಟ್ಸಾಪ್ ಇಲ್ಲದ ಕಾಲದ ಫಾರ್ವರ್ಡ್ ಇದು ಎನ್ನಬಹುದು. ಲಂಡನ್ನಿನ ಶಸ್ತ್ರವೈದ್ಯ ಲೇನ್ ಇಂಥ ವಿಚಾರಗಳಿಂದ ಪ್ರೇರಿತರಾಗಿ ಮಲಬದ್ಧತೆಗೆಂದು ಜನರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದರು.

ಬಲ್ಗೇರಿಯಾದ ಆ ಮೊಸರಿನ ಬ್ಯಾಕ್ಟೀರಿಯಾ ನಮ್ಮ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ ಎಂದು ನಂತರದ ಸಂಶೋಧನೆಗಳು ತೋರಿಸಿದವು. ಮೊಸರು ಒಳ್ಳೆಯ ಆಹಾರ, ಸಂಶಯವಿಲ್ಲ. ಆದರೆ ಅದು ಆಯಸ್ಸು ಹೆಚ್ಚಿಸುವ ಮದ್ದಲ್ಲ. ಕರುಳಿನ ಸೂಕ್ಷ್ಮಜೀವಿಗಳು ಆರೋಗ್ಯದ ಮೇಲೆ ಪ್ರಭಾವ ಬೀರುತ್ತವೆ ಎಂಬ ಅವರ ಮೂಲ ಪ್ರಶ್ನೆ ಮಾತ್ರ ಇಂದಿಗೂ ದೊಡ್ಡ ಸಂಶೋಧನೆಯ ವಿಷಯ.

ನಕ್ಷತ್ರ ಮೀನಿನ ವಿಷಯದಲ್ಲಿ ಅವರಿಗೆ ಎದುರಾಳಿಗಳಿದ್ದರು. ಪ್ರತಿ ಹೆಜ್ಜೆಗೂ ಪುರಾವೆ ಕೇಳಿದರು, ಅವರು ಕೊಟ್ಟರು, ವಿಜ್ಞಾನ ಬೆಳೆಯಿತು. ಮೊಸರಿನ ವಿಷಯದಲ್ಲಿ ಪುರಾವೆಗೆ ಮೊದಲೇ ಅಭಿಮಾನಿಗಳು ಹುಟ್ಟಿಕೊಂಡರು. ಅದೇ ಮನುಷ್ಯ, ಅದೇ ಬುದ್ಧಿ, ಆದರೂ ಫಲ ಬೇರೆಯಾಯಿತು.

ಮೊದಲ ಮಹಾಯುದ್ಧ ಅವರ ಪ್ರಯೋಗಾಲಯವನ್ನು ಬರಿದು ಮಾಡಿತು. ಯುವ ಸಹಾಯಕರು ಯುದ್ಧಭೂಮಿಗೆ ಹೋದರು. ಹೃದಯದ ಕಾಯಿಲೆಯಿಂದ ಬಳಲಿದ ಮೆಚ್ನಿಕೋಫ್ 1916ರ ಜುಲೈನಲ್ಲಿ, ತಮ್ಮ 71ನೇ ವಯಸ್ಸಿನಲ್ಲಿ, ಪಾಶ್ಚರ್ ಸಂಸ್ಥೆಯ ಆವರಣದಲ್ಲೇ ತೀರಿಕೊಂಡರು. ಅವರ ಚಿತಾಭಸ್ಮದ ಕರಂಡ ಆ ಸಂಸ್ಥೆಯ ಗ್ರಂಥಾಲಯದಲ್ಲಿದೆ. ಓಲ್ಗಾ ಅವರ ಜೀವನಚರಿತ್ರೆ ಬರೆದರು.

ಹಂಚುವ ಮುನ್ನ ಇಷ್ಟು ನೆನಪಿಡಿ

ನಂಬಿಕೆ: ಗಾಯ ಕೆಂಪಾಗಿ ಬಾತುಕೊಂಡರೆ ರಕ್ತ ಕೆಟ್ಟಿದೆ.
ನಿಜ: ಬಿಳಿ ಕಣಗಳು ಕರೆ ಕೇಳಿ ಬಂದಿವೆ ಎಂದರ್ಥ. ಆದರೆ ಕೆಂಪು ಮೇಲಕ್ಕೆ ಹರಡುತ್ತಿದ್ದರೆ, ಜ್ವರ ಬಂದರೆ ಅಥವಾ ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮುಳ್ಳು, ಮೊಳೆ ಚುಚ್ಚಿದಾಗ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿ.

ನಂಬಿಕೆ: ಹೆಪ್ಪುಗಟ್ಟುವುದಕ್ಕೂ ರೋಗನಿರೋಧಕ ಶಕ್ತಿಗೂ ಸಂಬಂಧವಿಲ್ಲ.
ನಿಜ: ಹೆಪ್ಪುಗಟ್ಟಿಸುವ ಥ್ರಾಂಬಿನ್ ಮತ್ತು ಕಾಂಪ್ಲಿಮೆಂಟ್ ಪ್ರೋಟೀನ್‌ಗಳು ಸೇರಿ ಬಿಳಿ ಕಣಗಳಿಗೆ ದಾರಿ ತೋರಿಸುತ್ತವೆ.

ನಂಬಿಕೆ: ಜ್ವರದಲ್ಲಿ ರಕ್ತ ಹೆಪ್ಪುಗಟ್ಟದಂತೆ ಮನೆಯಲ್ಲೇ ಆಸ್ಪಿರಿನ್ ನುಂಗಿದರೆ ಒಳ್ಳೆಯದು.
ನಿಜ: ಅಪಾಯಕಾರಿ. ಹೃದಯದ ತೊಂದರೆಗೆಂದು ವೈದ್ಯರು ಮೊದಲೇ ಬರೆದುಕೊಟ್ಟಿದ್ದರೆ, ಜ್ವರ ಬಂದಾಗ ಮುಂದುವರಿಸಬೇಕೇ ಎಂದು ಅವರನ್ನೇ ಕೇಳಿ. ನೀವಾಗಿ ಶುರು ಮಾಡಬೇಡಿ, ನೀವಾಗಿ ನಿಲ್ಲಿಸಲೂ ಬೇಡಿ.